ಅಪ್‌ಡೇಟ್: ಪಂಪ್ಕಿನ್ ತಿಂಡಿಗಳಿಗೆ ಅಂಕ ಕೊಟ್ಟಾಯ್ತು

ಅಮೆರಿಕದಲ್ಲಿ ಇದು ನಮ್ಮ ಮೊದಲ ಫಾಲ್ (ಶರತ್ಕಾಲ) ಸೀಸನ್, ಅಂಗಡಿ ತುಂಬಾ ಪಂಪ್ಕಿನ್ ತಿಂಡಿಗಳೇ, ಯಾವುದು ತಗೊಳ್ಳಬಹುದು ಅಂತ ಕೇಳಿದ್ದೆ. ನೀವು ಹೇಳಿದ್ದರಲ್ಲಿ ಸುಮಾರು ತಿಂದು ನೋಡಿದೆವು.

ಪಂಪ್ಕಿನ್ ಪೈ ಗೆದ್ದಿತು, 10ಕ್ಕೆ 9. ಕುಂಬಳದ ತಿರುಳಿಗೆ ಮೊಟ್ಟೆ, ಹಾಲು ಸೇರಿಸಿ ಬೇಯಿಸುವುದರಿಂದ ನಿಜವಾದ ಕುಂಬಳದ ರುಚಿಯೇ ಸಿಗುತ್ತದೆ. ಫ್ರಿಜ್‌ನಲ್ಲಿಟ್ಟು ತಿಂದರೆ ಇನ್ನೂ ಚೆನ್ನ. ನಮ್ಮತ್ತೆ ಮಾತ್ರ "ಏಲಕ್ಕಿ ಹಾಕಬೇಕಿತ್ತು" ಅಂದರು. ಅವರದ್ದು 7.

ಪಂಪ್ಕಿನ್ ಬ್ರೆಡ್‌ಗೆ 8. ಪಂಪ್ಕಿನ್ ಸ್ಪೈಸ್ ಲಾಟೆಗೆ (ಮಸಾಲೆ ಹಾಕಿದ ಹಾಲಿನ ಕಾಫಿ) 6, ಅದೂ ಸಿರಪ್ ಕಡಿಮೆ ಹಾಕಿಸಿಕೊಂಡಿದ್ದಕ್ಕೆ. ಅದರಲ್ಲಿ ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗದ್ದೇ ಕಾರುಬಾರು. ಸ್ಟಾರ್‌ಬಕ್ಸ್ 2003ರಲ್ಲಿ ಶುರು ಮಾಡಿದ ಈ ಲಾಟೆಗೆ ಕುಂಬಳ ಸೇರಿದ್ದೇ 2015ರಲ್ಲಿ! ಹೆಸರಿಗಷ್ಟೇ ಪಂಪ್ಕಿನ್, ಅಲ್ವಾ?

ಒಂದು ಕ್ರೀಮ್ ಬಿಸ್ಕತ್ತಿಗೆ 2. ಯಾವುದು ಅಂತ ಬೇಡ ಬಿಡಿ. ಸೆಂಟ್ ಹಾಕಿದ ಮೇಣದಬತ್ತಿ ಕಚ್ಚಿದ ಹಾಗಿತ್ತು.

ಡಬ್ಬಿ ಕುಂಬಳದಲ್ಲಿ ಕಡುಬು ಆಗುತ್ತಾ ಅಂತ ಕೇಳಿದವರಿಗೆ: ಆಗುತ್ತದೆ. ತಿರುಳಲ್ಲಿ ನೀರು ಜಾಸ್ತಿ, ಬೆಲ್ಲದ ಜೊತೆ ಸ್ವಲ್ಪ ಬಾಡಿಸಿ ಆಮೇಲೆ ಅಕ್ಕಿ ರವೆ ಬೆರೆಸಿ. ಆದರೆ 'ಪೈ ಫಿಲ್ಲಿಂಗ್' ಅಂತ ಬರೆದಿರುವ ಡಬ್ಬಿ ತರಬೇಡಿ. ಅದಕ್ಕೆ ಸಕ್ಕರೆ, ಮಸಾಲೆ ಮೊದಲೇ ಬೆರೆಸಿರುತ್ತಾರೆ.