ಹೊಸ ಗೋಲ್ಡ್‌ಫಿಶ್ ಮೂಲೆ ಬಿಟ್ಟು ಬರ್ತಿಲ್ಲ, ಸಹಾಯ ಬೇಕು (ವಿಜಯಪುರ)

ಎಲ್ಲರಿಗೂ ನಮಸ್ಕಾರ್ರೀ. ಮಗಳ ಆಸೆಗೆ ಒಂದು ಗೋಲ್ಡ್‌ಫಿಶ್ ತಂದಿದ್ದೇವೆ. 60 ಲೀಟರ್ ಟ್ಯಾಂಕ್, ಸ್ಪಂಜ್ ಫಿಲ್ಟರ್ ಹಗಲು ರಾತ್ರಿ ಓಡುತ್ತದೆ. ತಂದ ದಿನ ಕವರನ್ನು 20 ನಿಮಿಷ ನೀರಲ್ಲಿ ತೇಲಿಬಿಟ್ಟು, ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಆಮೇಲೆ ಮೀನನ್ನಷ್ಟೇ ಒಳಗೆ ಬಿಟ್ಟೆವು. ಆದರೂ ತಳದ ಮೂಲೆಯಲ್ಲೇ ಕೂತಿದೆ. ಕಾಳು ಬಾಯಿಗೆ ತಗೊಂಡು ಉಗುಳುತ್ತದೆ. ಬಿಳಿ ಚುಕ್ಕಿ ಇಲ್ಲ, ಆದರೆ ರೆಕ್ಕೆ ಮುದುರಿಕೊಂಡಿದೆ. ನೋಡಿದರೆ ಸಂಕಟವಾಗುತ್ತದೆ.

ನನ್ನ ಅನುಮಾನ ಅಮೋನಿಯಾ ಮೇಲೆ, ಅಂದರೆ ಮೀನಿನ ಗಲೀಜಿನಿಂದ ನೀರಲ್ಲಿ ಸೇರುವ ವಿಷ. ಹೊಸ ಫಿಲ್ಟರ್‌ನಲ್ಲಿ ಅದನ್ನು ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗೋಲ್ಡ್‌ಫಿಶ್ ಗಲೀಜು ಮಾಡುವುದೂ ಜಾಸ್ತಿ ಅಲ್ವಾ. ಅದಕ್ಕೇ ದಿನಾ ಕಾಲು ಭಾಗ ನೀರು ಬದಲಿಸುತ್ತಿದ್ದೇನೆ, ಕ್ಲೋರಿನ್ ತೆಗೆಯುವ ಔಷಧಿ ಹಾಕಿದ ನಳದ ನೀರು. ಉಪ್ಪು ಹಾಕಿ ಅಂದರು ಅಂಗಡಿಯವರು. ಉಪ್ಪಿನಿಂದ ಅಮೋನಿಯಾ ಹೋಗುವುದಿಲ್ಲ, ಹಾಗಾಗಿ ಸುಮ್ನೆ ಹಾಕಿಲ್ಲ.

ನಳ ಬರದ ದಿನ ಬೋರ್ ನೀರು ಬಳಸಬಹುದಾ? ನಮ್ಮ ಓಣಿಯ ಬೋರ್ ನೀರು ಗಡಸು, ಬಕೆಟ್‌ಗೆ ಬಿಳಿ ಪದರ ಕಟ್ಟುತ್ತದೆ. ನೀರು ಬಿಸಿಯಾದರೆ ಆಕ್ಸಿಜನ್ ಕಡಿಮೆಯಾಗುತ್ತದೆ, ನಮ್ಮೂರ ಬಿಸಿಲಿಗೆ ಟೇಬಲ್ ಫ್ಯಾನ್ ಸಾಕಾ? ಅಮೋನಿಯಾ ಟೆಸ್ಟ್ ಕಿಟ್ ಇಲ್ಲಿ ಎಲ್ಲಿ ಸಿಗುತ್ತದೆ?

ಎಲ್ಲಕ್ಕಿಂತ ಮುಖ್ಯವಾಗಿ, ಗಾಂಧಿ ಚೌಕ, ಗೋಳಗುಮ್ಮಟದ ಆಸುಪಾಸು ಯಾರ ಮನೆಯಲ್ಲಾದರೂ ರೋಗವಿಲ್ಲದ ಹಳೇ ಟ್ಯಾಂಕ್ ಇದ್ದರೆ, ಆ ಬ್ಯಾಕ್ಟೀರಿಯಾ ಬೆಳೆದಿರುವ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೊಡ್ತೀರಾ? ನಾನೇ ಬಂದು ಅದೇ ಟ್ಯಾಂಕಿನ ನೀರಲ್ಲಿ ಒದ್ದೆಯಾಗಿಯೇ ಒಯ್ಯುತ್ತೇನೆ. ದಯವಿಟ್ಟು ಬೇಗ ತಿಳಿಸಿ.