ಅಪ್‌ಡೇಟ್: 60,000 ರೂಪಾಯಿ ಕ್ರೆಡಿಟ್ ಕಾರ್ಡ್ ಬಾಕಿ ವರ್ಗಾಯಿಸಿದ ಲೆಕ್ಕ

ಹಳೆ ಕಾರ್ಡಿನ 60,000 ಬಾಕಿಯನ್ನು ಬೇರೆ ಬ್ಯಾಂಕಿನ ಕಾರ್ಡಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿದರೆ ಉಳಿತಾಯ ಆಗುತ್ತಾ ಅಂತ ಮಂಡ್ಯದಿಂದ ಕೇಳಿದ್ದೆನಲ್ಲ, ಮಾಡಿದೆ. ಆಗುತ್ತೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಹಳೆಯದರಲ್ಲಿ ಬಡ್ಡಿ ತಿಂಗಳಿಗೆ 3.5%, ಅಂದರೆ 2,100. ಅದರ ಮೇಲೆ 18% ಜಿಎಸ್‌ಟಿ 378. ಅಸಲು ಒಂದು ರೂಪಾಯಿ ಇಳಿಯುವ ಮೊದಲೇ 2,478 ಹೋಗುತ್ತಿತ್ತು. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿರುವವರು ದಯವಿಟ್ಟು ಈ ಲೆಕ್ಕ ಹಾಕಿ ನೋಡಿ. ಹೊಸದರಲ್ಲಿ ತಿಂಗಳಿಗೆ 1.5%, 6 ಕಂತು, ತಲಾ ಸುಮಾರು 10,530. 1% ಪ್ರೊಸೆಸಿಂಗ್ ಶುಲ್ಕ, ಬಡ್ಡಿ, ಎರಡರ ಜಿಎಸ್‌ಟಿ ಸೇರಿ ಒಟ್ಟು ಖರ್ಚು ಸುಮಾರು 4,470. ಹಳೆ ಕಾರ್ಡಲ್ಲೇ 6 ತಿಂಗಳಲ್ಲಿ ತೀರಿಸಿದ್ದರೆ 8,900ರ ಹತ್ತಿರ.

ಎಡವೋದು ಇಲ್ಲಿ: ಹಣ ಜಮೆಯಾಗುವ ದಿನದವರೆಗೂ ಹಳೆ ಕಾರ್ಡಲ್ಲಿ ದಿನದ ಲೆಕ್ಕದಲ್ಲಿ ಬಡ್ಡಿ ಓಡುತ್ತಿರುತ್ತೆ, ಅದು ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬರುತ್ತೆ. ಚಿಲ್ಲರೆ ಅಂತ ಬಿಟ್ಟರೆ ಲೇಟ್ ಫೀ ಬೀಳಬಹುದು. ಕಂತಿಲ್ಲದ ಆಫರ್ (ಬಾಕಿಯನ್ನು ಕಂತು ಮಾಡದೆ ಹೊಸ ಕಾರ್ಡಲ್ಲಿ ಹಾಗೇ ಇಡುವುದು) ಆದರೆ, ಬಾಕಿ ಇರುವಷ್ಟು ದಿನ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗಲ್ಲ. ದಿನಸಿಗೂ ಆ ಕಾರ್ಡ್ ಉಜ್ಜಬೇಡಿ.

ಹಳೆ ಕಾರ್ಡ್ ಬೇಡವಾದರೆ ಬಾಕಿ ಸೊನ್ನೆಯಾದ ಮೇಲೆ ಲಿಖಿತವಾಗಿ ಕೇಳಿ. ಆರ್‌ಬಿಐ ನಿಯಮದಂತೆ ಬ್ಯಾಂಕ್ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು.