ಶೋರೂಮಿನ 10% ಬಡ್ಡಿ, ಬ್ಯಾಂಕಿನ 12%: ಯಾವುದು ಕಡಿಮೆ?

ಪ್ರಶ್ನೆ, ಚಿಂತಾಮಣಿಯಿಂದ:
ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಬಳ ಬ್ಯಾಂಕಿಗೆ ಬರುತ್ತದೆ. ಬೈಕಿಗೆ 80,000 ಸಾಲ ಬೇಕು, ಎರಡು ವರ್ಷಕ್ಕೆ. ಶೋರೂಮಿನವರು 10% ಅನ್ನುತ್ತಾರೆ, ಬ್ಯಾಂಕಿನಲ್ಲಿ 12%. ಇದುವರೆಗೆ ಸಾಲ ಮಾಡಿದವನಲ್ಲ, ಸಿಬಿಲ್ (ಸಾಲ ಕಟ್ಟಿದ ದಾಖಲೆ ನೋಡಿ ಕೊಡುವ ಸ್ಕೋರ್) ನೋಡಿದರೆ -1 ತೋರಿಸುತ್ತಿದೆ. ಸ್ಕೋರ್ ಬರಲಿ ಅಂತ ಕ್ರೆಡಿಟ್ ಕಾರ್ಡ್ ತಗೋ ಅಂತ ಫ್ರೆಂಡ್ಸ್ ಹೇಳುತ್ತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಕೋಲಾರದಿಂದ:
ಶೋರೂಮಿನವರನ್ನು ಮೊದಲು ಒಂದೇ ಮಾತು ಕೇಳಿ ಸರ್, ಬಡ್ಡಿ ಫ್ಲಾಟಾ (ಕೊನೆವರೆಗೂ ಪೂರ್ತಿ ಸಾಲದ ಮೇಲೆ), ರೆಡ್ಯೂಸಿಂಗಾ (ಉಳಿದ ಅಸಲಿನ ಮೇಲೆ ಮಾತ್ರ)? ಫ್ಲಾಟ್ ಆಗಿದ್ದರೆ ಲೆಕ್ಕ ಹೀಗೆ: 80,000ಕ್ಕೆ ವರ್ಷಕ್ಕೆ 8,000 ಬಡ್ಡಿ, ಎರಡು ವರ್ಷಕ್ಕೆ 16,000. ಒಟ್ಟು 96,000, ತಿಂಗಳಿಗೆ 4,000ದಂತೆ 24 ಕಂತು. ವರ್ಷ ತುಂಬುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಅಸಲು ತೀರಿಸಿರುತ್ತೀರಿ. ಬಡ್ಡಿ ಮಾತ್ರ ಆಗಲೂ ಪೂರ್ತಿ 80,000ದ ಮೇಲೇ ಓಡುತ್ತಿರುತ್ತದೆ. ನೀವೇ ಲೆಕ್ಕ ಬರೆಯೋರು, ಅರ್ಧ ದುಡ್ಡು ಜಮಾ ಆದ ಮೇಲೂ ಪೂರ್ತಿ ಬಾಕಿಗೆ ಬಡ್ಡಿ ಹಾಕಿದರೆ ಯಾವ ರೈತರು ಸುಮ್ನಿರುತ್ತಾರೆ?

ಬ್ಯಾಂಕಿನ 12% ಉಳಿದ ಅಸಲಿನ ಮೇಲೆ ಮಾತ್ರ. ಕಂತು ಸುಮಾರು 3,766, ಎರಡು ವರ್ಷದ ಬಡ್ಡಿ 10,400ರ ಆಸುಪಾಸು. ಶೋರೂಮಿನ 10% ಅನ್ನು ಇದೇ ರೀತಿ ಲೆಕ್ಕ ಹಾಕಿದರೆ 18% ಬೀಳುತ್ತದೆ!

2024ರ ಅಕ್ಟೋಬರ್‌ನಿಂದ ಇಂಥ ಸಾಲಕ್ಕೆ ಕೆಎಫ್‌ಎಸ್ ಅನ್ನೋ, ಸಾಲದ ಮುಖ್ಯ ವಿವರಗಳ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಇರುತ್ತದೆ, ಪ್ರೊಸೆಸಿಂಗ್ ಫೀ ಎಲ್ಲಾ ಸೇರಿಸಿ ವರ್ಷಕ್ಕೆ ಬೀಳುವ ನಿಜವಾದ ದರ. ಎರಡೂ ಕಡೆ ಆ ಹಾಳೆ ಇಸ್ಕೊಂಡು ಪಕ್ಕಪಕ್ಕ ಇಟ್ಟು ನೋಡಿ. ನಾನು ಕೇಳಿದಾಗ ಸೇಲ್ಸ್ ಹುಡುಗ ಗೊಣಗಿದ, ಆಮೇಲೆ ಪ್ರಿಂಟ್ ಕೊಟ್ಟ.

ಗೌರಿಬಿದನೂರಿನಿಂದ:
-1 ಅಂದರೆ ಕೆಟ್ಟ ಸ್ಕೋರ್ ಅಲ್ಲ, ದಾಖಲೆಯೇ ಇಲ್ಲ ಅಂತ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಸಂಬಳ ಬೀಳುವ ಬ್ಯಾಂಕಿನಲ್ಲೇ ಆರು ತಿಂಗಳ ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೇಳಿ. ಒಂದೇ ವಾರ ಹತ್ತು ಕಡೆ ಅರ್ಜಿ ಹಾಕಬೇಡಿ, ಅದೆಲ್ಲ ರಿಪೋರ್ಟಿನಲ್ಲಿ ಕಾಣುತ್ತದೆ. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ. ಪೂರ್ತಿ ರಿಪೋರ್ಟ್ ವರ್ಷಕ್ಕೊಮ್ಮೆ ಫ್ರೀ.

ತುಮಕೂರಿನಿಂದ:
ಬೈಕ್ ಸಾಲದ ಕಂತು ಸರಿಯಾಗಿ ಕಟ್ಟಿದರೆ ಸ್ಕೋರ್ ತಾನೇ ಬರುತ್ತದೆ. ಅದಕ್ಕೇ ಅಂತ ಕಾರ್ಡ್ ಬೇಡ ಅನ್ನೋದು ನನ್ನ ಅಭಿಪ್ರಾಯ. ತಗೊಂಡರೂ 'ಮಿನಿಮಮ್ ಡ್ಯೂ' (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ನೋಡಿ ಖುಷಿಪಡಬೇಡಿ. ನಮ್ಮ ಭಾವಮೈದನ ಬಿಲ್ 20,000, ಮಿನಿಮಮ್ 1,000. ಅಷ್ಟೇ ಕಟ್ಟಿ ಆರಾಮಾಗಿದ್ದ. ಉಳಿದ 19,000ಕ್ಕೆ ತಿಂಗಳಿಗೆ 3.5% ಅಂದರೆ 665 ರೂಪಾಯಿ, ಮೇಲೆ ಜಿಎಸ್‌ಟಿ. ಹಳೇ ಬಾಕಿ ಇರುವಾಗ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿನಿಂದಲೇ ಬಡ್ಡಿ ಶುರು.

ತಿಪಟೂರಿನಿಂದ:
ಯಾರೂ ಹೇಳದ ಒಂದು ವಿಷಯ. ಕೊನೆ ಕಂತು ಕಟ್ಟಿದರೂ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಇರುತ್ತದೆ. ಅವರಿಂದ ಸಾಲ ತೀರಿದೆ ಅನ್ನೋ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ತಗೊಂಡು ಆರ್‌ಟಿಓದಲ್ಲಿ ಎಚ್‌ಪಿ (ಬೈಕ್ ಮೇಲೆ ಸಾಲ ಇದೆ ಅನ್ನೋ ನಮೂದು) ತೆಗೆಸಿ. ಇಲ್ಲದಿದ್ದರೆ ಮುಂದೆ ಬೈಕ್ ಮಾರುವಾಗ ಮತ್ತೆ ಅವರ ಆಫೀಸಿಗೇ ಅಲೆಯಬೇಕು.